ಬೈಕಿಗೆ ಪೆಟ್ರೋಲ್ ಹಾಕಿಸುವಾಗ: ಬಂಕಿನೊಳಗೆ ಬಂದಾಗಿನಿಂದ ಹೊರಡುವವರೆಗೆ

ಬಂಕಿಗೆ ಹೋಗುವುದು, ಪೆಟ್ರೋಲ್ ಹಾಕಿಸುವುದು, ದುಡ್ಡು ಕೊಟ್ಟು ಹೊರಡುವುದು. ಐದು ನಿಮಿಷದ ಕೆಲಸ. ದಿನಾ ಲಕ್ಷಾಂತರ ಜನ ಇದನ್ನು ಮಾಡುತ್ತಾರೆ, ಏನೂ ಆಗುವುದಿಲ್ಲ. ಅದಕ್ಕೇ ಅಲ್ಲಿ ತೂಗುಹಾಕಿದ ನಿಯಮಗಳ ಬೋರ್ಡನ್ನು ಯಾರೂ ಓದುವುದಿಲ್ಲ. ಓದಿದರೂ ಬೈಕಿನವರಿಗೆ ಅದರಿಂದ ಅರ್ಧ ಉಪಯೋಗ ಮಾತ್ರ. ಆ ನಿಯಮಗಳಲ್ಲಿ ಹೆಚ್ಚಿನವು ಕಾರನ್ನು ಮನಸ್ಸಿನಲ್ಲಿಟ್ಟು ಬರೆದವು.

ಕಾರಿನಲ್ಲಿ ಸಾಮಾನ್ಯವಾಗಿ ಇಂಜಿನ್ ಮುಂದೆ, ಟ್ಯಾಂಕ್ ಹಿಂದೆ. ಬೈಕಿನಲ್ಲಿ ಟ್ಯಾಂಕ್ ಕೂತಿರುವುದೇ ಬಿಸಿ ಇಂಜಿನ್ ಮೇಲೆ. ಟ್ಯಾಂಕಿನ ಬಾಯಿ ನಿಮ್ಮ ಹೊಟ್ಟೆಯ ಮುಂದೆ, ಮೂಗಿನ ಕೆಳಗೆ. ಚೆಲ್ಲಿದ ಪೆಟ್ರೋಲ್ ನೆಲಕ್ಕೆ ಬೀಳುವ ಮೊದಲು ಸಿಲಿಂಡರ್ ಮೇಲೆ, ಸೈಲೆನ್ಸರ್ ಮೇಲೆ ಅಥವಾ ನಿಮ್ಮ ತೊಡೆಯ ಮೇಲೆ ಬೀಳುತ್ತದೆ. ಇದಿಷ್ಟು ತಲೆಯಲ್ಲಿದ್ದರೆ ಮುಂದಿನ ಒಂದೊಂದು ಹೆಜ್ಜೆಯೂ ಯಾಕೆ ಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಮೊದಲು ಆವಿಯ ವಿಷಯ

ಪೆಟ್ರೋಲಿಗೆ ಬೆಂಕಿ ಹತ್ತಿತು ಅನ್ನುತ್ತೇವೆ. ನಿಜವಾಗಿ ಹೊತ್ತಿಕೊಳ್ಳುವುದು ಅದರ ಮೇಲೆ ಏಳುವ ಆವಿ. ಪೆಟ್ರೋಲ್ ಎಷ್ಟು ಬೇಗ ಆವಿಯಾಗುತ್ತದೆ ಎಂದರೆ, ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಅದರಿಂದ ಬರುತ್ತಿರುತ್ತದೆ. ಡೀಸೆಲ್ ಆದರೆ ಸಾಮಾನ್ಯವಾಗಿ 50 ಡಿಗ್ರಿಗಿಂತ ಮೇಲೆ ಬಿಸಿಯಾಗಬೇಕು. ಹಾಗಾಗಿ ಪೆಟ್ರೋಲಿಗೆ ‘ಇವತ್ತು ತಂಪಾಗಿದೆ, ಏನೂ ಆಗಲ್ಲ’ ಅನ್ನುವ ದಿನವೇ ಇಲ್ಲ.

ಗಾಳಿಯಲ್ಲಿ ಈ ಆವಿ ಶೇಕಡ 1.4ರಿಂದ 7.6ರವರೆಗೆ ಬೆರೆತಿದ್ದರೆ ಬೆಂಕಿ ಹತ್ತುತ್ತದೆ. ಅದಕ್ಕಿಂತ ಕಡಿಮೆಯಾದರೂ ಹತ್ತುವುದಿಲ್ಲ, ಜಾಸ್ತಿಯಾದರೂ ಹತ್ತುವುದಿಲ್ಲ. ಮುಚ್ಚಿದ ಟ್ಯಾಂಕಿನ ಒಳಗೆ ಆವಿ ತೀರಾ ದಟ್ಟವಾಗಿರುವುದರಿಂದ ಅಲ್ಲಿ ಸಾಮಾನ್ಯವಾಗಿ ಉರಿಯಲು ಗಾಳಿ ಸಾಲುವುದಿಲ್ಲ. ಅಪಾಯ ಇರುವುದು ಟ್ಯಾಂಕಿನ ಬಾಯಿಯ ಸುತ್ತ, ಆವಿ ಹೊರಗೆ ಬಂದು ಗಾಳಿಯ ಜೊತೆ ಸೇರುವ ಜಾಗದಲ್ಲಿ. ನಿಮ್ಮ ಕೈ, ಪಂಪಿನ ಪೈಪಿನ ತುದಿಯ ನಾಜಲ್, ಮುಖ ಎಲ್ಲ ಇರುವುದೂ ಅಲ್ಲೇ.

ಇನ್ನೊಂದು ಗುಣ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗಿ ಮಾಯವಾಗುವುದಿಲ್ಲ. ನೀರಿನ ಹಾಗೆ ಕೆಳಗೆ ಇಳಿಯುತ್ತದೆ, ಟ್ಯಾಂಕಿನ ಪಕ್ಕದಿಂದ ಜಾರಿ ಇಂಜಿನ್ ಸುತ್ತ ಬರುತ್ತದೆ, ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಒಳ್ಳೆ ಬಿಸಿಲಿದ್ದಾಗ ಗಮನಿಸಿ ನೋಡಿ. ಮುಚ್ಚಳ ತೆಗೆದು ಪೆಟ್ರೋಲ್ ಬೀಳುತ್ತಿರುವಾಗ ಟ್ಯಾಂಕಿನ ಮೇಲೆ, ಕೆಲವು ಸಲ ನೆಲದ ಮೇಲೂ, ತೆಳುವಾದ ನೆರಳೊಂದು ಅಲೆ ಅಲೆಯಾಗಿ ಅಲ್ಲಾಡುತ್ತಿರುತ್ತದೆ. ಬರಿಗಣ್ಣಿಗೆ ಕಾಣದ ಆವಿಯ ನೆರಳು ಅದು. ಒಮ್ಮೆ ಅದನ್ನು ಕಂಡವರು ಆಮೇಲೆ ಟ್ಯಾಂಕಿನ ಮೇಲೆ ಬಗ್ಗಿ ಒಳಗೆ ಇಣುಕುವುದನ್ನು ಬಿಟ್ಟುಬಿಡುತ್ತಾರೆ.

ಬಂಕಿನೊಳಗೆ ಬರುವಾಗ

ರಸ್ತೆಯಿಂದ ತಿರುಗುವಾಗಲೇ ವೇಗ ಇಳಿಸಿ. ನಾಲ್ಕು ಚಕ್ರದವರಿಗೆ ಬಂಕಿನ ನೆಲ ಬರೀ ನೆಲ. ನಮಗೆ ಹಾಗಲ್ಲ. ಪಂಪುಗಳ ಪಕ್ಕದಲ್ಲಿ ಡೀಸೆಲ್ ತೊಟ್ಟಿಕ್ಕಿ ಜಿಡ್ಡುಗಟ್ಟಿದ ಜಾಗ ಇದ್ದೇ ಇರುತ್ತದೆ. ಪೆಟ್ರೋಲ್ ಬಿದ್ದರೆ ಆವಿಯಾಗಿ ಹೋಗುತ್ತದೆ, ಡೀಸೆಲ್ ಎಷ್ಟೋ ಹೊತ್ತು ಉಳಿದುಕೊಳ್ಳುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಕಾಲು ಊರಿದರೆ ಶೂ ಜಾರುತ್ತದೆ. ನೆಲದೊಳಗಿನ ಟ್ಯಾಂಕುಗಳ ಕಬ್ಬಿಣದ ಮುಚ್ಚಳಗಳು ಮಳೆಯಲ್ಲಿ ಇನ್ನೂ ಜಾಸ್ತಿ ಜಾರುತ್ತವೆ. ಹ್ಯಾಂಡಲ್ ನೇರವಾಗಿಟ್ಟುಕೊಂಡು, ಕಾಲೂರುವ ಜಾಗ ನೋಡಿಕೊಂಡು ನಿಲ್ಲಿಸಿ.

ಟ್ಯಾಂಕರ್ ಲಾರಿ ಬಂದು ನೆಲದಡಿಯ ಟ್ಯಾಂಕಿಗೆ ಪೆಟ್ರೋಲ್ ಇಳಿಸುತ್ತಿದ್ದರೆ ಆ ಬಂಕನ್ನು ಬಿಟ್ಟು ಮುಂದಿನದಕ್ಕೆ ಹೋಗುವುದೇ ವಾಸಿ. ತುಂಬುತ್ತಿರುವ ಟ್ಯಾಂಕಿನಿಂದ ಆವಿ ಹೊರಗೆ ಬರುವ ಹೊತ್ತು ಅದು.

ನಿಲ್ಲಿಸಿದ ಮೇಲೆ ಒಂದು ಸಲ ಸುತ್ತ ಕಣ್ಣಾಡಿಸಿ. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಮರಳಿನ ಬಕೆಟ್ ಎಲ್ಲಿದೆ, ಎಲ್ಲ ಪಂಪುಗಳನ್ನೂ ಒಟ್ಟಿಗೆ ನಿಲ್ಲಿಸುವ ತುರ್ತು ಸ್ವಿಚ್ ಎಲ್ಲಿದೆ? ಆ ಸ್ವಿಚ್ ಸಾಮಾನ್ಯವಾಗಿ ಗೋಡೆಯ ಮೇಲೋ ಕಂಬದ ಮೇಲೋ ಎದ್ದು ಕಾಣುವ ಹಾಗೆ ಇರುತ್ತದೆ. ಎರಡು ಸೆಕೆಂಡಿನ ಕೆಲಸ.

ಇಂಜಿನ್ ಆಫ್ ಮಾಡಿ, ಆಮೇಲೆ ಕೆಳಗಿಳಿಯಿರಿ

ಸರದಿಯಲ್ಲಿ ಮುಂದೆ ಎರಡೇ ಗಾಡಿ ಇದೆ ಅನ್ನುವಾಗಲೇ ಇಂಜಿನ್ ನಿಲ್ಲಿಸಿ, ಬೈಕನ್ನು ತಳ್ಳಿಕೊಂಡು ಹೋಗಿ. ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಸಣ್ಣ ಲಾಭ. ಇಂಜಿನ್ ಒಂದೆರಡು ನಿಮಿಷ ಆರುತ್ತದೆ ಅನ್ನುವುದು ದೊಡ್ಡದು. ಕಿಡಿಯೇ ಇಲ್ಲದಿದ್ದರೂ ಸುಮಾರು 250ರಿಂದ 280 ಡಿಗ್ರಿಯಲ್ಲಿ ಪೆಟ್ರೋಲ್ ಆವಿ ತಾನಾಗೇ ಹೊತ್ತಿಕೊಳ್ಳಬಲ್ಲದು. ದೂರದಿಂದ ಓಡಿಸಿಕೊಂಡು ಬಂದ ಬೈಕಿನಲ್ಲಿ ಸಿಲಿಂಡರಿನಿಂದ ಹೊರಡುವ ಸೈಲೆನ್ಸರ್ ಪೈಪಿನ ಮೊದಲ ಬಾಗು ಅಷ್ಟು ಬಿಸಿಯಾಗಿರುವುದು ಅಪರೂಪವೇನಲ್ಲ. ಅದರ ಮೇಲೆ ಬಿದ್ದ ಪೆಟ್ರೋಲ್ ಪ್ರತಿ ಸಲವೂ ಹೊತ್ತುವುದಿಲ್ಲ, ಚುರ್ ಅಂದು ಹಾರಿಹೋಗುವುದೇ ಹೆಚ್ಚು. ಆದರೆ ಅದನ್ನು ನಂಬಿಕೊಂಡು ನಡೆಯುವ ವಿಷಯ ಇದಲ್ಲ.

ಇಂಜಿನ್ ಜೊತೆ ಕೀಯನ್ನೂ ಆಫ್ ಮಾಡಿ. ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ಒತ್ತಿ ಇಂಜಿನ್ ನಿಲ್ಲಿಸಿದರೆ ಲೈಟು, ವೈರಿಂಗ್ ಎಲ್ಲ ಚಾಲೂ ಇರುತ್ತವೆ. ಟ್ಯಾಂಕ್ ಮುಚ್ಚಳಕ್ಕೂ ಅದೇ ಕೀ ಬೇಕಾದ ಬೈಕುಗಳಲ್ಲಿ ಈ ತಪ್ಪು ಆಗುವುದಿಲ್ಲ. ಕೀಯೇ ಇಲ್ಲದ ಹೊಸ ಬೈಕುಗಳಲ್ಲಿ ಮತ್ತು ಬಟನ್ ಒತ್ತಿ ಮುಚ್ಚಳ ತೆಗೆಯುವ ಸ್ಕೂಟರುಗಳಲ್ಲಿ ಆಗುತ್ತದೆ.

ಈಗ ಕೆಳಗಿಳಿಯಿರಿ. ಹಿಂದೆ ಕೂತವರು ಮೊದಲು ಇಳಿಯಲಿ, ಮಕ್ಕಳಿದ್ದರೆ ಪಂಪಿನಿಂದ ದೂರ ನಿಲ್ಲಲಿ. ಈ ನಿಯಮವನ್ನು ಪಾಲಿಸುವವರೇ ಕಡಿಮೆ. ‘ಎರಡು ಲೀಟರ್ ಹಾಕಿಸೋಕೆ ಇಳಿಯೋದ್ಯಾಕೆ’ ಅಂತ ಕೂತೇ ಇರುತ್ತಾರೆ. ನನ್ನ ಮಟ್ಟಿಗೆ ಬೈಕಿನವರಿಗೆ ಇರುವ ನಿಯಮಗಳಲ್ಲಿ ಇದೇ ಮೊದಲನೆಯದು. ಕೂತಲ್ಲೇ ಟ್ಯಾಂಕಿನ ಬಾಯಲ್ಲಿ ಬೆಂಕಿ ಬಂದರೆ ಏನು ಮಾಡುತ್ತೀರಿ? ಕಾಲು ಎರಡೂ ಕಡೆ ಇದೆ, ಬೆಂಕಿ ತೊಡೆಗಳ ನಡುವೆ ಇದೆ. ಸ್ಟ್ಯಾಂಡ್ ಹಾಕಿಲ್ಲವಾದ್ದರಿಂದ ಕಾಲು ಎತ್ತಿದರೆ ಬೈಕು ಬೀಳುತ್ತದೆ, ತೆರೆದ ಟ್ಯಾಂಕಿನ ಸಮೇತ. ನಿಂತವನಿಗಾದರೆ ಒಂದು ಹೆಜ್ಜೆ ಹಿಂದೆ ಇಟ್ಟರೆ ಸಾಕು. ಬೆಂಕಿಯ ಮಾತು ಬಿಡಿ, ಪೆಟ್ರೋಲ್ ಉಕ್ಕಿ ತೊಡೆಯ ಮೇಲೆ ಚೆಲ್ಲುವುದು ತುಂಬಾ ಮಾಮೂಲು. ಒದ್ದೆ ಪ್ಯಾಂಟಿನಲ್ಲಿ ಬಿಸಿ ಇಂಜಿನ್ ಮೇಲೆ ಕೂತು ಗಾಡಿ ಓಡಿಸುವುದು ಯಾರಿಗೆ ಬೇಕು?

ಸೆಂಟರ್ ಸ್ಟ್ಯಾಂಡ್ ಇದ್ದರೆ ಅದನ್ನೇ ಹಾಕಿ. ಬರೀ ಸೈಡ್ ಸ್ಟ್ಯಾಂಡ್ ಇರುವ ಬೈಕಾದರೆ ಅದೂ ಸರಿಯೇ. ಬೈಕು ವಾಲಿರುವುದರಿಂದ ಟ್ಯಾಂಕು ಸ್ವಲ್ಪ ಕಡಿಮೆ ಹಿಡಿಯಬಹುದು, ಹಿಡಿಯಲಿ ಬಿಡಿ. ಸ್ಟ್ಯಾಂಡಿನ ತುದಿ ಗಟ್ಟಿ ನೆಲದ ಮೇಲೆ ಇದೆಯೇ ನೋಡಿ. ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲಿ ಅದು ಇಳಿಯುತ್ತದೆ. 15 ಲೀಟರ್ ಪೆಟ್ರೋಲ್ ಅಂದರೆ ಸುಮಾರು 11 ಕಿಲೋ. ತುಂಬುತ್ತಾ ಹೋದ ಹಾಗೆ ಆ ಭಾರವೂ ಸ್ಟ್ಯಾಂಡಿನ ಮೇಲೇ ಬೀಳುತ್ತದೆ.

ಹೆಲ್ಮೆಟ್ ತೆಗೆದರೆ ಟ್ಯಾಂಕಿನ ಮೇಲೆ ಇಡಬೇಡಿ, ಅದರ ಪಕ್ಕದ ಕನ್ನಡಿಗೂ ನೇತುಹಾಕಬೇಡಿ. ಹೆಲ್ಮೆಟ್ ಒಳಗೆ ತಲೆಯನ್ನು ಕಾಯುವುದು ಥರ್ಮಾಕೋಲಿನ ಜಾತಿಯದೇ ಒಂದು ಪದರ. ಪೆಟ್ರೋಲ್ ತಾಗಿದರೆ ಥರ್ಮಾಕೋಲ್ ಕರಗುತ್ತದೆ. ಮೇಲಿನ ಚಿಪ್ಪು ಹೊಸದರ ಹಾಗೇ ಕಾಣುತ್ತಿರುತ್ತದೆ, ಒಳಗಿನದು ತೂತು ಬಿದ್ದಿರುತ್ತದೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ಟ್ಯಾಂಕ್ ಬ್ಯಾಗ್ ಇದ್ದರೆ ಪೂರ್ತಿ ಬಿಚ್ಚಿ ಬದಿಗಿಡಿ. ಅರ್ಧ ಮಡಚಿ ಕೈಯಲ್ಲಿ ಹಿಡಿದುಕೊಂಡರೆ ಸರಿಯಾದ ಹೊತ್ತಿಗೇ ಅದು ಜಾರಿ ನಾಜಲ್ ಮೇಲೆ ಬೀಳುತ್ತದೆ.

ಯಾವ ನಾಜಲ್?

ಬಣ್ಣ ನೋಡಿ ನಾಜಲ್ ಎತ್ತಬೇಡಿ, ಅಕ್ಷರ ಓದಿ. ಅಮೆರಿಕದ ಬಂಕುಗಳಲ್ಲಿ ಹಸಿರು ಹಿಡಿ ಇದ್ದರೆ ಸಾಮಾನ್ಯವಾಗಿ ಡೀಸೆಲ್. ಬ್ರಿಟನ್ನಿನಲ್ಲಿ ಹಸಿರು ಅಂದರೆ ಪೆಟ್ರೋಲ್, ಕಪ್ಪು ಅಂದರೆ ಡೀಸೆಲ್. ಒಂದು ಕಡೆ ಕಲಿತ ಅಭ್ಯಾಸ ಇನ್ನೊಂದು ಕಡೆ ಕೈಕೊಡುತ್ತದೆ. ಬೇರೆಯವರು ಹಾಕಿಕೊಡುವ ಬಂಕಾದರೆ ‘ಪೆಟ್ರೋಲ್’ ಅಂತ ಬಾಯಿಬಿಟ್ಟು ಹೇಳಿ.

ಎಥನಾಲ್ ಎಷ್ಟು ಬೆರೆತಿದೆ ಅನ್ನುವುದನ್ನೂ ನೋಡಿಕೊಳ್ಳಿ. ಇ10 ಅಂದರೆ ಶೇಕಡ 10ರವರೆಗೆ, ಇ20 ಅಂದರೆ 20ರವರೆಗೆ. ನಿಮ್ಮ ಬೈಕು ಎಷ್ಟನ್ನು ತಾಳುತ್ತದೆ ಎಂದು ಅದರ ಕೈಪಿಡಿಯಲ್ಲಿ, ಕೆಲವು ಬೈಕುಗಳಲ್ಲಿ ಮುಚ್ಚಳದ ಹತ್ತಿರದ ಸ್ಟಿಕ್ಕರಿನಲ್ಲೂ ಬರೆದಿರುತ್ತದೆ. ಹಳೇ ಬೈಕುಗಳ ರಬ್ಬರ್ ಪೈಪು ಮತ್ತು ಸೀಲುಗಳನ್ನು ಎಥನಾಲ್ ಹಾಳು ಮಾಡಬಲ್ಲದು. ಪೈಪು ಬಿರಿದರೆ ಪೆಟ್ರೋಲ್ ಸೋರುವುದು ಇಂಜಿನ್ ಮೇಲೆಯೇ, ಹಾಗಾಗಿ ಇದೂ ಸುರಕ್ಷತೆಯ ವಿಷಯವೇ.

ಅಪ್ಪಿತಪ್ಪಿ ಡೀಸೆಲ್ ಬಿತ್ತಾ? ಸ್ಟಾರ್ಟ್ ಮಾಡಬೇಡಿ, ಕೀಯನ್ನೂ ಆನ್ ಮಾಡಬೇಡಿ. ಹೊಸ ಬೈಕುಗಳಲ್ಲಿ ಕೀ ತಿರುಗಿಸಿದ ತಕ್ಷಣ ಟ್ಯಾಂಕಿನೊಳಗಿನ ಪಂಪು ಓಡುತ್ತದೆ, ಡೀಸೆಲ್ ಮುಂದಕ್ಕೆ ಹೋಗುತ್ತದೆ. ತಳ್ಳಿಕೊಂಡು ಬದಿಗೆ ನಿಲ್ಲಿಸಿ, ಮೆಕ್ಯಾನಿಕ್ ಕೈಲಿ ಟ್ಯಾಂಕ್ ಖಾಲಿ ಮಾಡಿಸಿ.

ಮೈಯಲ್ಲಿರುವ ಕರೆಂಟು

ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಆ ಕಿಡಿ ಪೆಟ್ರೋಲ್ ಆವಿಗೆ ಸಾಕೇ? ಬೇಕಾದಷ್ಟು ಸಾಕು. ಪೆಟ್ರೋಲ್ ಆವಿಗೆ ಬೆಂಕಿ ಹತ್ತಲು ಒಂದು ಮಿಲಿಜೂಲಿನ ಕಾಲು ಭಾಗದಷ್ಟು ಶಕ್ತಿ ಇದ್ದರೆ ಆಯಿತು. ಮನುಷ್ಯನ ಬೆರಳಿನಿಂದ ಹಾರುವ ಕಿಡಿಯಲ್ಲಿ ಅದರ ಎಷ್ಟೋ ಪಟ್ಟು ಇರಬಲ್ಲದು. ಮೈಯಲ್ಲಿ ಸುಮಾರು 2000 ವೋಲ್ಟಿಗಿಂತ ಜಾಸ್ತಿ ಸೇರುವವರೆಗೆ ನಮಗೆ ಆ ಚುರುಕು ಗೊತ್ತೇ ಆಗುವುದಿಲ್ಲ.

ಅಮೆರಿಕದ ಪೆಟ್ರೋಲಿಯಂ ಎಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಬಂಕುಗಳಲ್ಲಿ ಹೀಗೆ ಸ್ಥಿರ ವಿದ್ಯುತ್ತಿನಿಂದ ಆದ ಬೆಂಕಿಯ ವರದಿಗಳನ್ನು ಕಲೆಹಾಕಿತ್ತು. ಅವುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ನಡವಳಿಕೆ. ಜನ ಪೆಟ್ರೋಲ್ ಬೀಳಲು ಬಿಟ್ಟು ಕಾರಿನೊಳಗೆ ಹೋಗಿ ಕೂತು, ಮತ್ತೆ ಎದ್ದು ಬಂದು ನೇರವಾಗಿ ನಾಜಲಿಗೆ ಕೈ ಹಾಕಿದ್ದರು. ಸೀಟಿಗೆ ಬಟ್ಟೆ ಉಜ್ಜಿ ಮೈಯಲ್ಲಿ ಸೇರಿದ ಕರೆಂಟು ಆವಿ ಇರುವ ಜಾಗದಲ್ಲೇ ಹಾರಿತ್ತು.

ಬೈಕಿನಲ್ಲಿ ಬಾಗಿಲಿಲ್ಲ, ಆದರೆ ಸೀಟಿದೆ. ನೈಲಾನಿನ ಜಾಕೆಟ್, ಪಾಲಿಯೆಸ್ಟರ್ ಪ್ಯಾಂಟು, ರೆಕ್ಸಿನ್ ಸೀಟು, ರಬ್ಬರ್ ಸೋಲಿನ ಶೂ. ಒಣ ಹವೆಯಲ್ಲಿ ಸೀಟಿನ ಮೇಲಿಂದ ಜಾರಿ ಇಳಿದರೆ ಕರೆಂಟು ಸೇರಲು ಇಷ್ಟು ಸಾಕು. ಪರಿಹಾರ ತುಂಬಾ ಸುಲಭ. ಇಳಿದ ಮೇಲೆ, ಮುಚ್ಚಳಕ್ಕೆ ಕೈ ಹಾಕುವ ಮೊದಲು, ಗ್ಲೌಸ್ ತೆಗೆದು ಬರಿಗೈಯಲ್ಲಿ ಪಂಪಿನ ಲೋಹದ ಮೈಯನ್ನು ಮುಟ್ಟಿ. ಪಂಪಿಗೆ ಅರ್ಥಿಂಗ್ ಇರುತ್ತದೆ, ಮೈಯಲ್ಲಿದ್ದದ್ದು ಇಳಿದುಹೋಗುತ್ತದೆ. ಪೇಂಟ್ ಅಥವಾ ಪ್ಲಾಸ್ಟಿಕ್ ಮುಟ್ಟಿದರೆ ಸಾಲದು. ಒಮ್ಮೆ ಶುರುವಾದ ಮೇಲೆ ಮುಗಿಯುವವರೆಗೆ ಬೈಕ್ ಹತ್ತಬೇಡಿ, ಜಾಕೆಟ್ ಬಿಚ್ಚಬೇಡಿ, ಹಾಕಿಕೊಳ್ಳಲೂ ಬೇಡಿ.

ಇನ್ನು ಮೊಬೈಲ್. ಬಂಕಿನಲ್ಲಿ ಫೋನ್ ರಿಂಗಾಗಿ ಬೆಂಕಿ ಹತ್ತಿತು ಅನ್ನುವ ಸಂದೇಶ ವರ್ಷಗಳಿಂದ ಸುತ್ತುತ್ತಲೇ ಇದೆ. ಮೇಲೆ ಹೇಳಿದ ಸಂಸ್ಥೆಯ ವರದಿಗಳಲ್ಲಿ ಫೋನಿನಿಂದಲೇ ಬೆಂಕಿ ಹತ್ತಿದ್ದು ಎಂದು ಖಚಿತವಾದ ಒಂದು ಪ್ರಕರಣವೂ ಇರಲಿಲ್ಲ. ಹಾಗಂತ ಫೋನ್ ಹಿಡಿದುಕೊಂಡು ನಿಲ್ಲಿ ಅನ್ನುತ್ತಿಲ್ಲ. ಫೋನ್ ನೋಡುವವನ ಕಣ್ಣು ಟ್ಯಾಂಕಿನ ಮೇಲೆ ಇರುವುದಿಲ್ಲ. ಬೈಕಿನ ಸಣ್ಣ ಟ್ಯಾಂಕು ತುಂಬಿ ಉಕ್ಕಲು ಒಂದು ಮೆಸೇಜ್ ಓದುವಷ್ಟು ಹೊತ್ತು ಸಾಕು. ಜೇಬಿನಲ್ಲಿರಲಿ. ಫೋನಿನಿಂದ ದುಡ್ಡು ಕೊಡುವುದಾದರೆ ಮುಚ್ಚಳ ಹಾಕಿದ ಮೇಲೆ, ಪಂಪಿನಿಂದ ಸ್ವಲ್ಪ ದೂರ ನಿಂತು ಕೊಡಿ. ಸಿಗರೇಟ್ ಬಗ್ಗೆ ಹೇಳುವುದೇ ಬೇಡ, ಅಲ್ವಾ? ಬಂಕಿನ ಗೇಟಿನ ಹೊರಗೇ ಆರಿಸಿ ಬನ್ನಿ.

ನಾಜಲ್ ಹಿಡಿಯುವುದು

ಮುಚ್ಚಳ ತೆಗೆಯುವಾಗ ಮುಖ ದೂರ ಇರಲಿ. ಬಿಸಿಲಲ್ಲಿ ಬಂದ ಟ್ಯಾಂಕಿನೊಳಗೆ ಒತ್ತಡ ಇರುತ್ತದೆ, ‘ಸುಸ್’ ಅಂತ ಆವಿ ಹೊರಬರುತ್ತದೆ. ನಿಧಾನವಾಗಿ ತೆಗೆಯಿರಿ. ಆ ಆವಿಯಲ್ಲಿ ಬೆಂಜೀನ್ ಕೂಡ ಇರುತ್ತದೆ. ಕ್ಯಾನ್ಸರ್ ತರಬಲ್ಲ ವಸ್ತು ಅದು. ಪೆಟ್ರೋಲ್ ವಾಸನೆ ಇಷ್ಟ ಅಂತ ಮೂಗು ಹತ್ತಿರ ತರುವವರಿಗೆ ಈ ಮಾತು. ಗಾಳಿ ಬರುತ್ತಿರುವ ಕಡೆಗೆ ಬೆನ್ನು ಮಾಡಿ ನಿಲ್ಲಿ, ಆವಿ ನಿಮ್ಮಿಂದ ಆಚೆಗೆ ಹೋಗುತ್ತದೆ.

ಪೈಪನ್ನು ಬೈಕಿನ ಮೇಲಿಂದ ಎಳೆದು ತರಬೇಡಿ. ಅದರ ಭಾರಕ್ಕೆ ನಾಜಲ್ ಜಾರಿ ಹೊರಬರುತ್ತದೆ. ಬೈಕನ್ನು ಪಂಪಿಗೆ ಹತ್ತಿರ, ಪೈಪು ಸಡಿಲವಾಗಿ ಬರುವ ಹಾಗೆ ನಿಲ್ಲಿಸಿಕೊಂಡಿದ್ದರೆ ಈ ತೊಂದರೆ ಇಲ್ಲ.

ನಾಜಲಿನ ತುದಿ ಟ್ಯಾಂಕಿನ ಬಾಯಿಯ ಲೋಹಕ್ಕೆ ತಾಗಿರಲಿ, ಆಮೇಲೆ ಹಿಡಿ ಒತ್ತಿ. ಮುಗಿಯುವವರೆಗೂ ತಾಗಿಕೊಂಡೇ ಇರಲಿ. ಪೆಟ್ರೋಲ್ ಪೈಪಿನೊಳಗೆ ಹರಿಯುವಾಗಲೂ ಕರೆಂಟು ಹುಟ್ಟುತ್ತದೆ. ಲೋಹಕ್ಕೆ ಲೋಹ ತಾಗಿದ್ದರೆ ಅದು ಕಿಡಿಯಾಗದೆ ಸುಮ್ನೆ ಹರಿದುಹೋಗುತ್ತದೆ. ಮೇಲಿಂದ ಧಾರೆ ಬಿಡುವುದು ನೋಡಲು ಸ್ಟೈಲಾಗಿರಬಹುದು. ಆದರೆ ಅದರಿಂದ ಆವಿ ಜಾಸ್ತಿ, ಸಿಡಿಯುವುದು ಜಾಸ್ತಿ, ಕರೆಂಟು ಕೂಡ ಜಾಸ್ತಿ.

ಹಿಡಿಯನ್ನು ಮೆಲ್ಲಗೆ ಒತ್ತಿ. ಕಾರಿನ ದೊಡ್ಡ ಟ್ಯಾಂಕಿಗೆಂದು ಮಾಡಿದ ವೇಗ ಅದು. ಬೈಕಿನ ಟ್ಯಾಂಕು ಆಳವಿಲ್ಲ, ಬಾಯಿಯಿಂದ ತಳಕ್ಕೆ ಒಂದು ಗೇಣೂ ಇಲ್ಲದ ಕಡೆ ಪೂರ್ತಿ ಒತ್ತಿದರೆ ಪೆಟ್ರೋಲ್ ತಳಕ್ಕೆ ಬಡಿದು ವಾಪಸ್ ಮೇಲೆ ಚಿಮ್ಮುತ್ತದೆ. ಕೈಬಿಟ್ಟರೂ ಹರಿಯುತ್ತಲೇ ಇರಲಿ ಎಂದು ಹಿಡಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಬೈಕಿಗೆ ಅದನ್ನು ಬಳಸಲೇಬೇಡಿ. ಹಾಕಿಕೊಡುವವರು ಬಳಸಿದರೆ ತೆಗೆಸಿ.

ತಾನಾಗೇ ನಿಲ್ಲುವ ನಾಜಲನ್ನು ಏಕೆ ನಂಬಬಾರದು?

ನಾಜಲನ್ನು ಒಮ್ಮೆ ಹತ್ತಿರದಿಂದ ನೋಡಿ. ತುದಿಯ ಬಳಿ ಸಣ್ಣದೊಂದು ತೂತು ಕಾಣುತ್ತದೆ. ಪೆಟ್ರೋಲ್ ಹರಿಯುವ ರಭಸಕ್ಕೆ ಆ ತೂತಿನಿಂದ ಗಾಳಿ ಒಳಕ್ಕೆ ಎಳೆಯಲ್ಪಡುತ್ತಿರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಏರಿ ತೂತನ್ನು ಮುಚ್ಚಿದಾಗ ಗಾಳಿ ನಿಲ್ಲುತ್ತದೆ, ಒಳಗಿನ ತೆಳು ಪೊರೆಯೊಂದು ಎಳೆತಕ್ಕೆ ಸರಿಯುತ್ತದೆ, ಹಿಡಿ ‘ಟಕ್’ ಅಂತ ಬಿಟ್ಟುಕೊಳ್ಳುತ್ತದೆ. ಇದರಲ್ಲಿ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ, ಬರೀ ಗಾಳಿಯ ಆಟ. ಜಾಣತನದ ಕೆಲಸ.

ಆದರೆ ಇದು ಸರಿಯಾಗಿ ಕೆಲಸ ಮಾಡಲು ನಾಜಲ್ ಸಾಕಷ್ಟು ಒಳಗೆ ಹೋಗಿರಬೇಕು, ಪೆಟ್ರೋಲ್ ಒಂದು ವೇಗದಲ್ಲಿ ಹರಿಯುತ್ತಿರಬೇಕು. ಬೈಕಿನಲ್ಲಿ ಎರಡೂ ಇರುವುದಿಲ್ಲ. ತುದಿ ಬಾಯಿಯ ಹತ್ತಿರವೇ ಇರುತ್ತದೆ. ನಿಧಾನವಾಗಿ ಬಿಟ್ಟರೆ ಎಳೆತ ಸಾಲದೆ ತಾನಾಗಿ ನಿಲ್ಲದೆಯೂ ಇರಬಹುದು. ನಿಂತರೂ ಅಷ್ಟು ಹೊತ್ತಿಗೆ ಪೆಟ್ರೋಲ್ ಬಾಯಿಯ ಅಂಚಿಗೆ ಬಂದಿರುತ್ತದೆ. ಹಾಗಾಗಿ ಬೈಕಿನಲ್ಲಿ ನಿಲ್ಲಿಸುವ ಕೆಲಸ ನಿಮ್ಮ ಕಣ್ಣಿನದು.

ಎಲ್ಲಿಗೆ ನಿಲ್ಲಿಸಬೇಕು? ಟ್ಯಾಂಕಿನ ಬಾಯಿಯಿಂದ ಒಳಕ್ಕೆ ಒಂದು ಕುತ್ತಿಗೆ ಇಳಿದಿರುತ್ತದೆ, ಕೆಲವದರಲ್ಲಿ ಕುತ್ತಿಗೆಯ ಒಳಗೆ ತಗಡಿನ ಪಟ್ಟಿಯೂ ಇರುತ್ತದೆ. ಪೆಟ್ರೋಲ್ ಆ ಕುತ್ತಿಗೆಯ ಕೆಳ ಅಂಚನ್ನು ಮುಟ್ಟಿದರೆ ಅಲ್ಲಿಗೆ ಫುಲ್ ಟ್ಯಾಂಕ್. ಅದರ ಮೇಲೆ ಕಾಣುವ ಖಾಲಿ ಜಾಗ ಖಾಲಿ ಇರಲೆಂದೇ ಬಿಟ್ಟದ್ದು. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲಿ ಒಂದು ಭಾಗ. ನೆಲದಡಿಯ ತಂಪು ಟ್ಯಾಂಕಿನಿಂದ ಬಂದ 15 ಲೀಟರ್ ಪೆಟ್ರೋಲ್ ಬಿಸಿಲಿಗೂ ಇಂಜಿನ್ ಕಾವಿಗೂ 20 ಡಿಗ್ರಿ ಏರಿದರೆ ಕಾಲು ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಅದು ಎಲ್ಲಿಗೆ ಹೋಗಬೇಕು?

ಕೆಲವು ಬೈಕುಗಳಲ್ಲಿ ಟ್ಯಾಂಕಿನ ಆವಿಯನ್ನು ಹೀರಿಕೊಳ್ಳಲು ಇದ್ದಿಲು ತುಂಬಿದ ಡಬ್ಬಿ ಇರುತ್ತದೆ. ಅದು ಆವಿಗೆಂದು ಮಾಡಿದ್ದು. ಹೆಚ್ಚಾದ ಪೆಟ್ರೋಲೇ ಅಲ್ಲಿಗೆ ನುಗ್ಗಿದರೆ ಡಬ್ಬಿ ಹಾಳು, ಬೈಕು ಸರಿಯಾಗಿ ಸ್ಟಾರ್ಟ್ ಆಗುವುದಿಲ್ಲ. ಬಾಯಿಯ ಸುತ್ತಲಿನ ತಗ್ಗಿನಲ್ಲಿ ಇನ್ನೊಂದು ಚಿಕ್ಕ ತೂತು ಇರುವುದುಂಟು. ಮಳೆ ನೀರು ಇಳಿದುಹೋಗಲು ಇಟ್ಟದ್ದು ಅದು. ಉಕ್ಕಿದ ಪೆಟ್ರೋಲೂ ಅದೇ ತೂತಿನಿಂದ ಇಳಿದು, ಪೈಪಿನಲ್ಲಿ ಹೋಗಿ, ಇಂಜಿನ್ ಕೆಳಗೆ ತೊಟ್ಟಿಕ್ಕುತ್ತದೆ. ಮೇಲೆ ಒರೆಸಿದಿರಿ, ಎಲ್ಲ ಸರಿಯಾಯಿತು ಅಂದುಕೊಂಡಿರಿ. ಕೆಳಗೆ ನೆಲದ ಮೇಲೆ ಚಿಕ್ಕ ಕೆರೆ ಆಗಿರುತ್ತದೆ.

ಬೈಕನ್ನು ಅಲ್ಲಾಡಿಸಿ ಗಾಳಿ ಗುಳ್ಳೆ ಬಿಡಿಸಿ ಇನ್ನರ್ಧ ಲೀಟರ್ ತುರುಕುವುದು, ಚಿಲ್ಲರೆ ಸರಿಹೋಗಲೆಂದು ‘ರೌಂಡ್ ಫಿಗರ್ ಮಾಡಿಬಿಡಿ’ ಅನ್ನುವುದು, ಇವೆರಡೂ ಬೇಡ.

ಮುಗಿದ ಮೇಲೆ ಹಿಡಿ ಬಿಟ್ಟು, ನಾಜಲನ್ನು ಎರಡು ಮೂರು ಸೆಕೆಂಡು ಅಲ್ಲೇ ಇಡಿ. ಒಳಗಿನ ಕೊನೆಯ ಹನಿಗಳು ಇಳಿಯಲಿ. ಆಮೇಲೆ ತುದಿಯನ್ನು ಮೇಲ್ಮುಖ ಮಾಡಿ ಹೊರಗೆ ತೆಗೆಯಿರಿ. ಕೆಳಗೆ ಒಂದು ಹತ್ತಿ ಬಟ್ಟೆ ಹಿಡಿದರೆ ಟ್ಯಾಂಕಿನ ಬಣ್ಣಕ್ಕೂ ಒಳ್ಳೆಯದು.

ಸ್ಕೂಟರಿನವರಿಗೆ ಒಂದು ಮಾತು. ಸೀಟಿನಡಿಯಲ್ಲಿ ಟ್ಯಾಂಕಿನ ಬಾಯಿ ಇದ್ದರೆ ಅದರ ಪಕ್ಕದ ಡಿಕ್ಕಿಯಲ್ಲಿ ಏನಿದೆ ನೋಡಿ. ಲೈಟರ್, ಪವರ್ ಬ್ಯಾಂಕ್, ಹೆಲ್ಮೆಟ್ ಇದ್ದರೆ ಮೊದಲೇ ಹೊರಗೆ ತೆಗೆದಿಡಿ. ಭಾರವಾದ ಆವಿ ಹೋಗಿ ಕೂರುವುದು ಆ ಗುಂಡಿಯಲ್ಲೇ. ಮುಗಿದ ಮೇಲೆ ಸೀಟನ್ನು ಸ್ವಲ್ಪ ಹೊತ್ತು ತೆರೆದಿಟ್ಟು ಗಾಳಿಯಾಡಲು ಬಿಡಿ.

ಹೊರಡುವುದು

ಮುಚ್ಚಳ ಒತ್ತಿ, ‘ಕ್ಲಿಕ್’ ಕೇಳಿಸಿಕೊಳ್ಳಿ, ಒಮ್ಮೆ ಎತ್ತಿ ನೋಡಿ. ಚೆಲ್ಲಿದೆಯೇ ನೋಡಿ. ಕೆಳಗೆ ಬಗ್ಗಿ ಇಂಜಿನ್ ಅಡಿಯನ್ನೂ ನೋಡಿ. ಆಮೇಲೆ ಬೈಕನ್ನು ಒಂದೈದು ಮೀಟರ್ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ. ಸೆಲ್ಫ್ ಒತ್ತಿದಾಗ ಸ್ಟಾರ್ಟರ್ ಮೋಟರಿನಲ್ಲೂ ಕಿಡಿ ಏಳುತ್ತದೆ, ಆವಿ ಇನ್ನೂ ನಿಂತಿರುವ ಜಾಗದಲ್ಲಿ ಅದು ಬೇಡ. ಹಿಂದಿನವರ ಸರದಿಯೂ ಬೇಗ ಬರುತ್ತದೆ.

ಚೆಲ್ಲಿದರೆ

ನಾಲ್ಕು ಹನಿ ಟ್ಯಾಂಕಿನ ಮೇಲೆ ಬಿದ್ದರೆ ಬಟ್ಟೆಯಲ್ಲಿ ಒರೆಸಿ, ಒಂದು ನಿಮಿಷ ಕಾಯಿರಿ. ಒರೆಸಿದ ಬಟ್ಟೆಯನ್ನು ಜೇಬಿಗೋ ಡಿಕ್ಕಿಗೋ ತುರುಕಬೇಡಿ, ಅದೂ ಆವಿ ಬಿಡುತ್ತಲೇ ಇರುತ್ತದೆ.

ಜಾಸ್ತಿ ಚೆಲ್ಲಿ ಇಂಜಿನ್ ಮೇಲೆ ಹರಿದಿದ್ದರೆ ಏನನ್ನೂ ಆನ್ ಮಾಡಬೇಡಿ. ಮೊದಲು ಮುಚ್ಚಳ ಹಾಕಿ. ಬಂಕಿನವರಿಗೆ ಹೇಳಿ, ನೆಲದ ಮೇಲೆ ಮರಳು ಹಾಕಿಸಿ. ಬೈಕನ್ನು ತಳ್ಳಿಕೊಂಡು ಗಾಳಿಯಾಡುವ ಜಾಗಕ್ಕೆ ಹೋಗಿ, ಪೂರ್ತಿ ಆರುವವರೆಗೆ, ವಾಸನೆ ಹೋಗುವವರೆಗೆ ನಿಲ್ಲಿ. ಹಿಂದೆ ನಿಂತವರು ಹಾರ್ನ್ ಹೊಡೆಯಬಹುದು, ಹೊಡೆಯಲಿ.

ಬಟ್ಟೆ ನೆನೆದರೆ ಅವಸರದಲ್ಲಿ ಎಳೆದು ಬಿಚ್ಚಬೇಡಿ, ಅದರಿಂದಲೂ ಕಿಡಿ ಹಾರಬಹುದು. ಮೊದಲು ಬಟ್ಟೆಯ ಮೇಲೆ ನೀರು ಸುರಿದುಕೊಂಡು ಆಮೇಲೆ ತೆಗೆಯಿರಿ, ಚರ್ಮವನ್ನು ಸೋಪು ಹಾಕಿ ತೊಳೆಯಿರಿ. ನೆನೆದ ಬಟ್ಟೆಯಲ್ಲೇ ಬೈಕ್ ಹತ್ತಬೇಡಿ, ಸಿಗರೇಟ್ ಸೇದುವವರ ಹತ್ತಿರವೂ ಹೋಗಬೇಡಿ. ಕಣ್ಣಿಗೆ ಸಿಡಿದರೆ ಉಜ್ಜದೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಬಾಯಿಗೆ ಹೋಗಿ ನುಂಗಿದ್ದರೆ ವಾಂತಿ ಮಾಡಿಸಬಾರದು. ವಾಪಸ್ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದದ್ದಕ್ಕಿಂತ ದೊಡ್ಡ ಅಪಾಯ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಂಕಿ ಕಂಡರೆ

ಟ್ಯಾಂಕಿನ ಬಾಯಲ್ಲಿ ಬೆಂಕಿ ಕಂಡ ತಕ್ಷಣ ಯಾರಿಗಾದರೂ ಅನ್ನಿಸುವುದು ನಾಜಲನ್ನು ಎಳೆದು ಬಿಸಾಡಬೇಕು ಅಂತ. ಅದನ್ನೇ ಮಾಡಬಾರದು. ಹೊರಗೆ ಎಳೆದ ನಾಜಲಿನಿಂದ ಚಿಮ್ಮುವ ಪೆಟ್ರೋಲ್ ಉರಿಯುತ್ತಲೇ ನಿಮ್ಮ ಮೇಲೆ, ಪಕ್ಕದವರ ಮೇಲೆ, ಪಂಪಿನ ಮೇಲೆ ಬೀಳುತ್ತದೆ. ಹಿಡಿಯನ್ನು ಬಿಟ್ಟುಬಿಡಿ, ಹರಿವು ನಿಲ್ಲುತ್ತದೆ. ನಾಜಲನ್ನು ಟ್ಯಾಂಕಿನಲ್ಲೇ ಬಿಟ್ಟು ಹಿಂದೆ ಸರಿಯಿರಿ. ಬೆಂಕಿ ಎಂದು ಕೂಗಿ, ತುರ್ತು ಸ್ವಿಚ್ ಒತ್ತಿಸಿ. ಬೈಕನ್ನು ಉಳಿಸಲು ತಳ್ಳಿಕೊಂಡು ಹೋಗಬೇಡಿ.

ನೀರು ಹಾಕಬೇಡಿ. ಪೆಟ್ರೋಲ್ ನೀರಿಗಿಂತ ಹಗುರ, ಅದರ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಡುತ್ತದೆ. ಪುಡಿ ಅಥವಾ ನೊರೆ ಬರುವ ಸಿಲಿಂಡರ್ ಬೇಕು. ಪಿನ್ ಎಳೆದು, ಗಾಳಿ ಬರುತ್ತಿರುವ ಕಡೆ ನಿಂತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಆಡಿಸುತ್ತಾ ಒತ್ತಿ. ಇದನ್ನು ಕಲಿತ ಬಂಕಿನವರು ಪಕ್ಕದಲ್ಲಿದ್ದರೆ ಅವರಿಗೇ ಬಿಡಿ, ನೀವು ಜನರನ್ನು ದೂರ ಕಳಿಸಿ. ಯಾರ ಬಟ್ಟೆಗಾದರೂ ಹತ್ತಿದ್ದರೆ ಓಡಲು ಬಿಡಬೇಡಿ. ನೆಲದ ಮೇಲೆ ಮಲಗಿಸಿ, ಉರುಳಿಸಿ, ದಪ್ಪ ಹತ್ತಿ ಅಥವಾ ಉಣ್ಣೆ ಬಟ್ಟೆ ಮುಚ್ಚಿ.

ಬಾಟಲಿ ಮತ್ತು ಕ್ಯಾನು

ದಾರಿಯಲ್ಲಿ ಪೆಟ್ರೋಲ್ ಮುಗಿದು ಬಾಟಲಿ ಹಿಡಿದುಕೊಂಡು ಬಂಕಿಗೆ ಬರುವವರಿಗೂ ಇಷ್ಟು ಹೇಳಬೇಕು. ನೀರಿನ ಬಾಟಲಿ ಬೇಡ. ಬಿಸಿಲಿಗೆ ಉಬ್ಬುತ್ತದೆ, ಮುಚ್ಚಳ ಸೋರುತ್ತದೆ, ನೀರೆಂದುಕೊಂಡು ಯಾರಾದರೂ ಕುಡಿಯಲೂಬಹುದು. ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ತನ್ನಿ. ಅದನ್ನು ಕೈಯಲ್ಲೋ ಬೈಕಿನ ಸೀಟಿನ ಮೇಲೋ ಇಟ್ಟು ತುಂಬಿಸಬೇಡಿ, ನೆಲದ ಮೇಲಿಡಿ, ನಾಜಲ್ ಅದರ ಬಾಯಿಗೆ ತಾಗಿರಲಿ. ಪೂರ್ತಿ ತುಂಬಿಸದೆ ಮೇಲೆ ಸ್ವಲ್ಪ ಜಾಗ ಬಿಡಿ. ದಾರಿಯಲ್ಲಿ ಟ್ಯಾಂಕಿಗೆ ಸುರಿಯುವಾಗ ಬೈಕು ಆರಿರಲಿ, ಆಲಿಕೆ ಇರಲಿ.

ಹೊರಟ ಮೇಲೂ ವಾಸನೆ ಬರುತ್ತಿದ್ದರೆ

ತುಂಬಿಸಿ ಹೊರಟ ಒಂದೆರಡು ನಿಮಿಷ ಸ್ವಲ್ಪ ವಾಸನೆ ಇರುವುದು ಸಹಜ. ಎರಡು ಮೂರು ಕಿಲೋಮೀಟರ್ ಆದರೂ ಮೂಗಿಗೆ ಬಡಿಯುತ್ತಿದ್ದರೆ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಮುಚ್ಚಳದ ಒಳಗಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಮಡಚಿಕೊಂಡು ಕೂತಿದೆಯೇ ನೋಡಿ. ಬ್ರೇಕ್ ಹಿಡಿದಾಗ ಬಾಯಿಯಿಂದ ತೇವ ಬರುತ್ತಿದ್ದರೆ ಈ ರಬ್ಬರೇ ಕಾರಣ ಇರಬಹುದು. ಬಹಳ ಬೈಕುಗಳಿಗೆ ಅದು ಬೇರೆಯಾಗಿ ಸಿಗುತ್ತದೆ, ಬದಲಾಯಿಸುವುದು ಸಣ್ಣ ಕೆಲಸ. ಮುಚ್ಚಳ ಸರಿ ಇದ್ದರೆ ಟ್ಯಾಂಕಿನಡಿಯ ಪೈಪು, ಅದರ ಕ್ಲಿಪ್ಪು, ಹಳೇ ಬೈಕಾದರೆ ಕಾರ್ಬ್ಯುರೇಟರಿನ ಕೆಳಭಾಗ, ಇವುಗಳಿಗೆ ಬೆರಳು ತಾಗಿಸಿ ಒದ್ದೆ ಇದೆಯೇ ನೋಡಿ, ಇಂಜಿನ್ ಆರಿದ ಮೇಲೆ. ಟ್ಯಾಂಕಿನಡಿಯಲ್ಲಿ ಪೆಟ್ರೋಲ್ ಕಾಕ್ (ಪೆಟ್ರೋಲ್ ನಿಲ್ಲಿಸುವ ನಲ್ಲಿ) ಇದ್ದರೆ ಬಂದ್ ಮಾಡಿ. ಒದ್ದೆ ಇದ್ದರೆ ಬೈಕು ಅಲ್ಲಿಂದ ಮೆಕ್ಯಾನಿಕ್ ಹತ್ತಿರ ಹೋಗಬೇಕಾದದ್ದು ಬೇರೆ ಗಾಡಿಯ ಮೇಲೆ, ಇಲ್ಲವೇ ತಳ್ಳಿಕೊಂಡು.